ನೆನಪಿನ ಊರಿಗೊಂದು ಇಸವಿ

ಚುನಾವಣೆ ಬಂತೆಂದರೆ ನಮ್ಮ ಪತ್ರಿಕೆಗಳಲ್ಲಿ ಎರಡು ಮಾತುಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ. ಒಂದು ‘ವೋಟ್ ಬ್ಯಾಂಕ್’, ಇನ್ನೊಂದು ‘ಪ್ರಬಲ ಜಾತಿ’. ದೆಹಲಿಯ ಟಿವಿ ಚರ್ಚೆಯಿಂದ ಹಿಡಿದು ಮಂಡ್ಯದ ಹೋಟೆಲಿನ ಹರಟೆಯವರೆಗೆ ಎಲ್ಲರೂ ಬಳಸುವ ಈ ಮಾತುಗಳು ಎಲ್ಲಿ ಹುಟ್ಟಿದವು ಎಂದು ಕೇಳಿದರೆ ಉತ್ತರ ನಮ್ಮ ಹಳೇ ಮೈಸೂರು ಸೀಮೆಯ ಒಂದು ಸಣ್ಣ ಹಳ್ಳಿಗೆ ಕರೆದೊಯ್ಯುತ್ತದೆ. ಆ ಹಳ್ಳಿಯ ಬಗ್ಗೆ 1955ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ‘ವೋಟ್ ಬ್ಯಾಂಕ್’ ಎಂಬ ಮಾತು ಬಂತು. ‘ಪ್ರಬಲ ಜಾತಿ’ ಎಂಬ ಕಲ್ಪನೆ ಬೆಳೆದು ನಿಂತದ್ದೂ ಅದೇ ಹಳ್ಳಿಯ ಅನುಭವದಿಂದ. ಎರಡನ್ನೂ ಬರೆದವರು ಮೈಸೂರಿನ ಎಂ.ಎನ್. ಶ್ರೀನಿವಾಸ್, ಭಾರತದ ಮಾನವಶಾಸ್ತ್ರಕ್ಕೆ ಹೊಸ ದಾರಿ ಹಾಕಿಕೊಟ್ಟ ಕನ್ನಡ ನೆಲದ ವಿದ್ವಾಂಸರು.

ನಾನು ಸಮಾಜಶಾಸ್ತ್ರ ಓದಿದವನಲ್ಲ. ಇಲ್ಲಿ ಬೇ ಏರಿಯಾದಲ್ಲಿ ನಮ್ಮಲ್ಲಿ ಅನೇಕರಂತೆ ಕಂಪ್ಯೂಟರ್ ಉದ್ಯೋಗದಲ್ಲಿರುವವನು. ಆದರೂ ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’ ಎಂಬ ಪುಸ್ತಕವನ್ನು ನಾನು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಓದುತ್ತಿದ್ದೇನೆ. ಹೆಸರೇ ಹೇಳುವಂತೆ ಅದು ನೆನಪಿನಲ್ಲಿ ಉಳಿದ ಊರಿನ ಚರಿತ್ರೆ. ಊರು ಬಿಟ್ಟು ಬಂದ ನಮಗೆಲ್ಲರಿಗೂ ಅಂಥದೊಂದು ಊರು ಇದೆ. ಅದನ್ನು ಮಕ್ಕಳಿಗೆ ಹೇಗೆ ದಾಟಿಸಬೇಕು ಎಂಬ ಪ್ರಶ್ನೆಗೆ ಈ ಪುಸ್ತಕದಲ್ಲೊಂದು ಪಾಠವಿದೆ ಎಂದು ನನಗನ್ನಿಸಿದೆ. ಅದನ್ನು ಓದುಗರೊಡನೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕಾಲೇಜು ರಸ್ತೆಯಿಂದ ರಾಮಪುರಕ್ಕೆ

ಶ್ರೀನಿವಾಸರು ಹುಟ್ಟಿದ್ದು 1916ರ ನವೆಂಬರ್ 16ರಂದು, ಮೈಸೂರಿನಲ್ಲಿ. ಮಕ್ಕಳ ಓದಿಗಾಗಿ ತಂದೆ ಹಳ್ಳಿ ಬಿಟ್ಟು ಮೈಸೂರಿಗೆ ಬಂದು ಕಾಲೇಜು ರಸ್ತೆಯಲ್ಲಿ ನೆಲೆಸಿದ್ದರು. ಆ ಬೀದಿಯಲ್ಲಿ ಇದ್ದವರು ಬಹುಪಾಲು ಬ್ರಾಹ್ಮಣರು. ಮನೆಯ ಹಿಂಬದಿಗೆ ಬಂಡಿಕೇರಿ, ಅಲ್ಲಿ ಕುರುಬರ ವಸತಿ. ಹಿತ್ತಲಿನಾಚೆಯ ಆ ಕೇರಿಯ ಮಾತು, ಊಟ, ಜಗಳ, ಹಬ್ಬ ಎಲ್ಲವೂ ಹುಡುಗನಿಗೆ ಬೇರೆಯೇ ಲೋಕವಾಗಿ ಕಂಡಿದ್ದವು. ಮುಂದೆ ಎಪ್ಪತ್ತು ದಾಟಿದ ಮೇಲೂ ಅವರು ಅದನ್ನು ನೆನೆದು ಹೇಳುತ್ತಿದ್ದರು. ಅನ್ಯಲೋಕವನ್ನು ಕಾಣಲು ಮಾನವಶಾಸ್ತ್ರಜ್ಞ ಕಡಲು ದಾಟಬೇಕೆಂದು ಆಗ ಬಹುತೇಕ ಎಲ್ಲರೂ ನಂಬಿದ್ದರು. ಇವರಿಗೆ ಅದು ಹಿತ್ತಲ ಗೋಡೆಯಾಚೆಗೇ ಸಿಕ್ಕಿತ್ತು.

ಮಹಾರಾಜ ಕಾಲೇಜಿನಲ್ಲಿ ಓದು ಮುಗಿಸಿ ಅವರು ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾದರು. ಅಲ್ಲಿಂದ ಆಕ್ಸ್‌ಫರ್ಡಿಗೆ ಹೋಗಿ ರಾಡ್‌ಕ್ಲಿಫ್-ಬ್ರೌನ್ ಮತ್ತು ಇವಾನ್ಸ್-ಪ್ರಿಚರ್ಡ್ ಅವರ ಬಳಿ ಕಲಿತರು. ಕೊಡಗಿನ ಜನರ ಧರ್ಮ ಮತ್ತು ಸಮಾಜ ಕುರಿತ ಅವರ ಗ್ರಂಥ 1952ರಲ್ಲಿ ಹೊರಬಂತು. ‘ಸಂಸ್ಕೃತೀಕರಣ’ ಎಂಬ ಹೆಸರಾಂತ ಕಲ್ಪನೆ ವಿದ್ವಾಂಸರ ಗಮನ ಸೆಳೆದದ್ದು ಆ ಗ್ರಂಥದಿಂದ. ಆ ಹೊತ್ತಿಗಾಗಲೇ ಅವರು ಆಕ್ಸ್‌ಫರ್ಡಿನಲ್ಲಿ ಅಧ್ಯಾಪಕರಾಗಿದ್ದರು. ಕೆಲಸದ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಳಸಿಕೊಳ್ಳಲು ವಿಶ್ವವಿದ್ಯಾಲಯ ಅವಕಾಶ ಕೊಟ್ಟಿತ್ತು. ಹಾಗಾಗಿ 1948ರಲ್ಲಿ ಅವರು ಮೈಸೂರಿಗೆ ಹೆಚ್ಚು ದೂರವಲ್ಲದ, ಟಿ. ನರಸೀಪುರ ತಾಲ್ಲೂಕಿನ ಕೊಡಗಹಳ್ಳಿಗೆ ಹೋದರು. ಪುಸ್ತಕದಲ್ಲಿ ಅದಕ್ಕೆ ಅವರಿಟ್ಟ ಹೆಸರು ರಾಮಪುರ.

ರಾಮಪುರದಲ್ಲಿ ಆಗ ಸುಮಾರು 1,500 ಜನ. ಅರ್ಧದಷ್ಟು ಒಕ್ಕಲಿಗರು. ಉಳಿದಂತೆ ಕುರುಬರು, ಮುಸಲ್ಮಾನರು, ದಲಿತರು, ಅಕ್ಕಸಾಲಿ, ಮಡಿವಾಳ, ಕುಂಬಾರ ಮೊದಲಾದ ಕಸುಬಿನವರು. ಪಟೇಲರು ಎತ್ತು ಕಟ್ಟುವ ಮನೆಯೊಂದರಲ್ಲಿ ಶ್ರೀನಿವಾಸರಿಗೆ ಜಾಗ ಕೊಟ್ಟರು. ಅಡುಗೆಗೆ ಮೈಸೂರಿನಿಂದಲೇ ಒಬ್ಬ ಬ್ರಾಹ್ಮಣ ಅಡುಗೆಯವನನ್ನು ಕರೆದುಕೊಂಡು ಹೋಗಿದ್ದರು. ಊರನ್ನು ನೋಡಲು ಹೋದವರನ್ನು ಊರೇ ನೋಡತೊಡಗಿತು. ಇವರು ಸ್ನಾನವಾದ ಮೇಲೆ ಗಡ್ಡ ಹೆರೆದುಕೊಳ್ಳುತ್ತಿದ್ದುದು ಜನರ ಕಣ್ಣಿಗೆ ಬಿತ್ತು. ಕ್ಷೌರವೆಂದರೆ ಮೈಲಿಗೆ, ಅದಾದ ಮೇಲಲ್ಲವೇ ಸ್ನಾನ? ಬ್ರಾಹ್ಮಣನಾಗಿ ಇದೆಂಥ ಕ್ರಮ ಎಂದು ಅವರಿಗೆ ಸೋಜಿಗ. ಇವರ ಕೈಯಲ್ಲಿದ್ದ ಕ್ಯಾಮರಾ ಜನರ ಬಾಯಲ್ಲಿ ‘ಚಾಮರ’ವಾಯಿತು. ದೇವರಿಗೆ ಬೀಸುವ ಚಾಮರ ಎಲ್ಲರಿಗೂ ಗೊತ್ತಿದ್ದ ಪದ, ಹೊಸ ಯಂತ್ರಕ್ಕೂ ಅದೇ ಹೆಸರು ಒದಗಿತು.

ವರ್ಷಕ್ಕೆ ತುಸು ಕಡಿಮೆ ಕಾಲ ಅಲ್ಲಿದ್ದು ಹಿಂತಿರುಗಿದ ಶ್ರೀನಿವಾಸರು 1952ರ ಬೇಸಿಗೆಯಲ್ಲಿ ಮತ್ತೆ ಅಲ್ಲಿಗೆ ಹೋಗಿ ಬಂದರು. ಅಷ್ಟು ಹೊತ್ತಿಗೆ ಅವರು ಬರೋಡಾದಲ್ಲಿ ಪ್ರಾಧ್ಯಾಪಕರಾಗಿದ್ದರು, 1959ರಲ್ಲಿ ದೆಹಲಿಗೆ ಹೋದರು. ಪಾಠ, ಆಡಳಿತ, ಹೊಸ ವಿಭಾಗ ಕಟ್ಟುವ ಕೆಲಸಗಳ ನಡುವೆ ರಾಮಪುರದ ದೊಡ್ಡ ಪುಸ್ತಕ ಹಿಂದೆ ಬೀಳುತ್ತಲೇ ಹೋಯಿತು.

ಗುಡ್ಡದ ಮೇಲಿನ ಬೆಂಕಿ

ಆ ಪುಸ್ತಕ ಬರೆಯಲೆಂದೇ ಅವರು ನಮ್ಮ ಈ ಕ್ಯಾಲಿಫೋರ್ನಿಯಾಕ್ಕೆ ಬಂದದ್ದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಹಿಂದಿನ ಗುಡ್ಡದ ಮೇಲೆ ಸಮಾಜವಿಜ್ಞಾನಿಗಳಿಗಾಗಿ ಇರುವ ಉನ್ನತ ಅಧ್ಯಯನ ಕೇಂದ್ರದಲ್ಲಿ ಅವರಿಗೆ ಒಂದು ಕೋಣೆ ಸಿಕ್ಕಿತ್ತು. ನಮ್ಮಲ್ಲಿ ಎಷ್ಟೋ ಜನ 280 ಹೆದ್ದಾರಿಯಲ್ಲಿ ದಿನವೂ ಆ ಗುಡ್ಡಗಳ ಪಕ್ಕದಲ್ಲೇ ಕೆಲಸಕ್ಕೆ ಹೋಗಿ ಬರುತ್ತೇವೆ.

ಅದು 1970. ವಿಯೆಟ್ನಾಂ ಯುದ್ಧದ ವಿರುದ್ಧ ಅಮೆರಿಕದ ವಿಶ್ವವಿದ್ಯಾಲಯಗಳು ಕುದಿಯುತ್ತಿದ್ದ ಕಾಲ. ಏಪ್ರಿಲ್ 24ರಂದು ಯಾರೋ ಕೇಂದ್ರಕ್ಕೆ ಬೆಂಕಿ ಹಚ್ಚಿದರು. ಸುಟ್ಟ ಕೋಣೆಗಳಲ್ಲಿ ಶ್ರೀನಿವಾಸರದೂ ಒಂದು. ಹದಿನೆಂಟು ವರ್ಷಗಳಿಂದ ವಿಂಗಡಿಸಿ, ಜೋಡಿಸಿ ಸಿದ್ಧಪಡಿಸಿಕೊಂಡಿದ್ದ ರಾಮಪುರದ ಟಿಪ್ಪಣಿಗಳ ಮೂರೂ ಪ್ರತಿಗಳು ಆ ಒಂದೇ ಕೋಣೆಯಲ್ಲಿದ್ದವು. ಮೂರೂ ಹೋದವು. ಬ್ಯಾಕಪ್ ಎಂಬ ಪದವನ್ನು ದಿನಕ್ಕೆ ಹತ್ತು ಬಾರಿ ಉಚ್ಚರಿಸುವ ನಮ್ಮಂಥವರಿಗೆ ಇದನ್ನು ಓದುವಾಗ ಹೊಟ್ಟೆಯಲ್ಲಿ ಕಿವುಚಿದಂತಾಗುತ್ತದೆ.

ಆಗ ಅವರಿಗೆ ದಾರಿ ತೋರಿದವರು ಷಿಕಾಗೋದ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್. ನೆನಪನ್ನೇ ನಂಬಿ ಪುಸ್ತಕ ಬರೆಯಬಾರದೇಕೆ ಎಂದು ಅವರು ಕೇಳಿದರು. ಶ್ರೀನಿವಾಸರು ಬರೆದರು. 1972ರಲ್ಲಿ ದೆಹಲಿ ಬಿಟ್ಟು ಬೆಂಗಳೂರಿಗೆ ಬಂದು, ವಿ.ಕೆ.ಆರ್.ವಿ. ರಾವ್ ಅವರು ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಗಳ ಅಧ್ಯಯನ ಸಂಸ್ಥೆಯನ್ನು ಸೇರಿದರು. ಪುಸ್ತಕ 1976ರಲ್ಲಿ ಹೊರಬಂತು.

ಸುಟ್ಟದ್ದು, ಉಳಿದದ್ದು

ಈ ಪುಸ್ತಕದ ಕತೆಯನ್ನು ಹೇಳುವವರು ಸಾಮಾನ್ಯವಾಗಿ ಬೆಂಕಿಯಿಂದ ಕೃತಿ ಹುಟ್ಟಿತು ಎಂದು ಇಲ್ಲಿಗೇ ಮುಗಿಸುತ್ತಾರೆ. ಸುಟ್ಟದ್ದೇನು, ಉಳಿದದ್ದೇನು ಎಂದು ಲೆಕ್ಕ ಹಾಕಿದರೆ ಇನ್ನೂ ಹೆಚ್ಚು ತಿಳಿಯುತ್ತದೆ.

ನೆನಪಿನಿಂದ ಬರೆದ ಪುಸ್ತಕದಲ್ಲಿ ಕೋಷ್ಟಕಗಳು ಹೆಚ್ಚಿಲ್ಲ. ಯಾರಿಗೆ ಎಷ್ಟು ಎಕರೆ, ಯಾವ ಮನೆಗೆ ಎಷ್ಟು ಸಾಲ ಎಂಬಂಥ ಲೆಕ್ಕವನ್ನು ತಲೆಯಲ್ಲಿಟ್ಟುಕೊಳ್ಳಲು ಯಾರಿಗೂ ಆಗದು. ಉಳಿದುಕೊಂಡದ್ದು ಮನುಷ್ಯರು, ಅವರ ನಡೆ, ಅವರಾಡಿದ ಮಾತು. ಮಳೆ ಕೈಕೊಟ್ಟಾಗ ಊರಿನ ಹಿರಿಯರು ಬಸವನ ಗುಡಿಗೆ ಹೋಗಿ ಹೂ ಕೇಳಿದ್ದು, ಹೂ ಬೀಳದಿದ್ದಾಗ ದೇವರನ್ನೇ ತರಾಟೆಗೆ ತೆಗೆದುಕೊಂಡದ್ದು ಈ ಪುಸ್ತಕದಲ್ಲಿ ಕಣ್ಣಿಗೆ ಕಟ್ಟುವಂತಿದೆ. ಭಕ್ತಿಯೆಂದರೆ ಬರೀ ಕೈಮುಗಿಯುವುದಲ್ಲ, ದೇವರ ಜೊತೆ ಜಗಳವಾಡುವ ಸಲಿಗೆಯೂ ಹೌದು ಎಂಬುದನ್ನು ಹಳ್ಳಿ ಬಲ್ಲವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಕನ್ನಡ ಪದಗಳೂ ಉಳಿದವು. ಮನುಷ್ಯ ಸಂಬಂಧಗಳ ಗುಣವನ್ನು ವಿವರಿಸುವ ಅಧ್ಯಾಯದಲ್ಲಿ ಶ್ರೀನಿವಾಸರು ‘ಮುಯ್ಯಿ’ಯನ್ನು ಚರ್ಚಿಸುತ್ತಾರೆ. ಮದುವೆಯಲ್ಲಿ ಓದಿಸಿದ್ದನ್ನು ಬರೆದಿಟ್ಟುಕೊಂಡು, ಆ ಮನೆಯ ಮದುವೆಗೆ ಅಷ್ಟನ್ನೋ ಇನ್ನಷ್ಟನ್ನೋ ಹಿಂದಿರುಗಿಸುವ ಮುಯ್ಯಿ. ನಾಟಿ, ಕಟಾವಿನ ಕಾಲದಲ್ಲಿ ಇವತ್ತು ನಿಮ್ಮ ಗದ್ದೆ, ನಾಳೆ ನಮ್ಮ ಗದ್ದೆ ಎನ್ನುವ ಮುಯ್ಯಿ. ಅದೇ ಅಧ್ಯಾಯದಲ್ಲಿ ‘ಹೊಟ್ಟೆಕಿಚ್ಚು’ ಕೂಡ ಬರುತ್ತದೆ. ಒಬ್ಬರಿಗೊಬ್ಬರು ಇಷ್ಟು ಹತ್ತಿರವಿರುವ ಊರಿನಲ್ಲಿ ಮುಯ್ಯಿಯೂ ಹೊಟ್ಟೆಕಿಚ್ಚೂ ಒಂದೇ ಬಳ್ಳಿಯ ಕಾಯಿಗಳು. ಬಾಣಂತಿ ಇರುವ ಮನೆಗೆ ಸರದಿಯ ಮೇಲೆ ಊಟ ಕೊಟ್ಟು ಬರುವ, ಹಬ್ಬದ ಡಬ್ಬಿಯನ್ನು ಖಾಲಿ ಹಿಂದಿರುಗಿಸದ ನಮ್ಮ ಕೂಟದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮುಯ್ಯಿ ನಮ್ಮೊಡನೆ ವಿಮಾನ ಹತ್ತಿ ಬಂದಿದೆ. ಇನ್ನೊಂದೂ ಬಂದಿದೆ.

ಹಾಗಾದರೆ ನೆನಪು ಟಿಪ್ಪಣಿಗಿಂತ ಮೇಲೇ? ಅಲ್ಲ. ನೆನಪನ್ನು ನಂಬಬೇಕಾದರೆ ಅದರ ಬಗ್ಗೆ ಎರಡು ವಿಷಯ ತಿಳಿದಿರಬೇಕು. ಅದು ಯಾವ ವರ್ಷದ ನೆನಪು? ಯಾವ ಬೀದಿಯಲ್ಲಿ ನಿಂತು ನೋಡಿದವರ ನೆನಪು? ಶ್ರೀನಿವಾಸರು ಎರಡನ್ನೂ ಬಚ್ಚಿಡಲಿಲ್ಲ. ಪುಸ್ತಕದ ನಿಜವಾದ ಬಲ ಅಲ್ಲಿದೆ ಎಂಬುದು ನನ್ನ ಅಭಿಪ್ರಾಯ.

ಯಾವ ಇಸವಿಯ ಊರು?

ಹಳೆಯ ಮಾನವಶಾಸ್ತ್ರದ ಗ್ರಂಥಗಳಿಗೆ ಒಂದು ಅಭ್ಯಾಸವಿತ್ತು. ಇಂಥ ಜನ ಹೀಗೆ ಉಳುತ್ತಾರೆ, ಹೀಗೆ ಮದುವೆಯಾಗುತ್ತಾರೆ, ಹೀಗೆ ಸತ್ತವರನ್ನು ಹೂಳುತ್ತಾರೆ ಎಂದು ಎಲ್ಲವನ್ನೂ ವರ್ತಮಾನ ಕಾಲದಲ್ಲೇ ಬರೆಯುವುದು. ಓದುವವರಿಗೆ ಆ ಜನ ಎಂದೆಂದಿಗೂ ಹಾಗೆಯೇ ಇದ್ದರು, ಹಾಗೆಯೇ ಇರುತ್ತಾರೆ ಎಂಬ ಭಾವನೆ ಬರುತ್ತಿತ್ತು. ಈಚಿನ ದಶಕಗಳ ಮಾನವಶಾಸ್ತ್ರ ಈ ಅಭ್ಯಾಸವನ್ನು ಕಟುವಾಗಿ ಪ್ರಶ್ನಿಸಿದೆ.

ನಾವೂ ಹಾಗೆಯೇ ಮಾತಾಡುತ್ತೇವೆ. ‘ನಮ್ಮೂರಲ್ಲಿ ಯುಗಾದಿಗೆ ಹೀಗೆ ಮಾಡ್ತಾರೆ’ ಎಂದು ಮಕ್ಕಳಿಗೆ ಹೇಳುತ್ತೇವೆ. ಆ ‘ಮಾಡ್ತಾರೆ’ ಯಾವ ವರ್ಷದ್ದು? ಹೆಚ್ಚಿನ ಸಲ ಅದು ನಾವು ವೀಸಾ ಹಾಕಿಸಿಕೊಂಡು ಹೊರಟ ವರ್ಷದ್ದು. 1985ರಲ್ಲಿ ಬಂದವರ ಊರಿನಲ್ಲಿ ಟಿವಿ ಇರುವ ಮನೆ ಒಂದೇ. 1999ರಲ್ಲಿ ಬಂದವರ ಊರಿನಲ್ಲಿ ಎಸ್‌ಟಿಡಿ ಬೂತ್ ಇದೆ, ಮೊಬೈಲ್ ಇಲ್ಲ. 2015ರಲ್ಲಿ ಬಂದವರ ಊರಿನಲ್ಲಿ ಪಕ್ಕದ ಮನೆಯ ಹುಡುಗನ ಕೈಯಲ್ಲೂ ವಾಟ್ಸಾಪ್ ಇದೆ. ಮೂವರೂ ಒಂದೇ ತಾಲ್ಲೂಕಿನವರಾದರೂ ಮೂರು ಬೇರೆ ಊರುಗಳ ಬಗ್ಗೆ ಮಾತಾಡುತ್ತಿರುತ್ತಾರೆ.

ಶ್ರೀನಿವಾಸರ ರಾಮಪುರ 1948ರ ರಾಮಪುರ. ಅದು ಹಾಗೆಂದು ಅವರು ಮತ್ತೆ ಮತ್ತೆ ನೆನಪಿಸುತ್ತಾರೆ. ಮಹಾಯುದ್ಧದ ಬಿಸಿ ಇನ್ನೂ ಆರಿರಲಿಲ್ಲ, ಪಡಿತರ ಮತ್ತು ಕಾಳಸಂತೆ ಎರಡೂ ಇದ್ದವು, ಸ್ವಾತಂತ್ರ್ಯ ಬಂದು ವರ್ಷವೂ ತುಂಬಿರಲಿಲ್ಲ. ನಂತರ ಬಂದ ಬದಲಾವಣೆಗಳಿಗೆ ಪುಸ್ತಕದಲ್ಲಿ ಬೇರೆಯೇ ಅಧ್ಯಾಯವಿದೆ. ಪುಸ್ತಕ ಅಚ್ಚಾಗುವ ಹೊತ್ತಿಗೆ ಮೈಸೂರು ರಾಜ್ಯ ಕರ್ನಾಟಕವಾಗಿತ್ತು, ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರಿಂದ ಜಾರಿಗೆ ಬಂದಿತ್ತು, ಉಳುವವನೇ ಹೊಲದೊಡೆಯ ಎಂಬ ಮಾತು ಕಾನೂನಾಗಿತ್ತು. 1948ರ ಪಟೇಲರ ಊರು ಚರಿತ್ರೆಗೆ ಸೇರಿಯಾಗಿತ್ತು.

ಊರು ಹೇಗೆ ಬದಲಾಗುತ್ತದೆ ಎಂಬುದಕ್ಕೆ ಪಕ್ಕದ ಮಂಡ್ಯದಲ್ಲೇ ಇನ್ನೊಂದು ಪ್ರಸಿದ್ಧ ಅಧ್ಯಯನ ನಡೆದಿದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ವಿಯೆನ್ನಾದಲ್ಲಿ ಹುಟ್ಟಿದ ಯಹೂದಿ ಹೆಣ್ಣುಮಗಳು. ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿ, ಮ್ಯಾಂಚೆಸ್ಟರಿನಲ್ಲಿ ಓದಿದವರು. 1954ರಿಂದ 1956ರವರೆಗೆ ಅವರು ಮಂಡ್ಯದ ಬಳಿಯ ಎರಡು ಹಳ್ಳಿಗಳನ್ನು ಅಭ್ಯಾಸ ಮಾಡಿದರು. ಪುಸ್ತಕದಲ್ಲಿ ಅವುಗಳ ಹೆಸರು ವಂಗಲ ಮತ್ತು ದಲೇನ. ಕನ್ನಂಬಾಡಿ ಕಟ್ಟೆಯ ನಾಲೆ ನೀರು ವಂಗಲಕ್ಕೆ ಹರಿದಿತ್ತು. ಎತ್ತರದಲ್ಲಿದ್ದ ದಲೇನಕ್ಕೆ ಹರಿಯಲಿಲ್ಲ, ಸುತ್ತಲ ಊರುಗಳೆಲ್ಲ ಹಸಿರಾದರೂ ಅದು ಬೆದ್ದಲಾಗಿಯೇ ಉಳಿಯಿತು.

ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕೆಂದು ಯಾರಾದರೂ ಊಹಿಸಿಯಾರು. ಎಪ್‌ಸ್ಟೈನ್ ಕಂಡದ್ದು ಅದಕ್ಕೆ ವಿರುದ್ಧ. ವಂಗಲದವರು ಕಬ್ಬು ಬೆಳೆದು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹಾಕಿದರು, ಕೈಯಲ್ಲಿ ಹಣ ಓಡಾಡಿತು. ಆದರೆ ಅವರ ಬದುಕು ಹೊಲದ ಸುತ್ತಲೇ ಇದ್ದುದರಿಂದ ಹಳೆಯ ಕಟ್ಟುಪಾಡುಗಳು ಹಾಗೆಯೇ ನಿಂತವು. ಒಕ್ಕಲಿಗರ ಮನೆಗೆ ದಲಿತ ಕುಟುಂಬಗಳು ತಲೆತಲಾಂತರದಿಂದ ದುಡಿಯುವ ‘ಹಳೆಮಕ್ಕಳು’ ಸಂಬಂಧವೂ ಮುಂದುವರಿಯಿತು. ದಲೇನದವರಿಗೆ ಊರೊಳಗೆ ಕುಳಿತರೆ ಹೊಟ್ಟೆ ತುಂಬುವಂತಿರಲಿಲ್ಲ. ಅವರು ಮಂಡ್ಯಕ್ಕೆ ಕೆಲಸಕ್ಕೆ ಹೋದರು, ಗಾಡಿ ಹೊಡೆದರು, ವ್ಯಾಪಾರ ಮಾಡಿದರು, ಗಿರಣಿ ಹಾಕಿದರು. ಹೊರಗೆ ಹೋದವರ ಜೊತೆ ಊರಿನ ಒಳಗೂ ಬದಲಾಯಿತು, ಹಳೆಯ ಸಂಬಂಧಗಳು ಸಡಿಲವಾದವು.

1970ರಲ್ಲಿ ಎಪ್‌ಸ್ಟೈನ್ ಅದೇ ಎರಡು ಹಳ್ಳಿಗಳಿಗೆ ಮತ್ತೆ ಹೋಗಿ ಇನ್ನೊಂದು ಪುಸ್ತಕ ಬರೆದರು. ನಲವತ್ತು ವರ್ಷಗಳ ಬದಲಾವಣೆಯನ್ನು ಕುರಿತ ಮತ್ತೊಂದು ಪುಸ್ತಕ 1998ರಲ್ಲಿ, ಕರ್ನಾಟಕದ ಇಬ್ಬರು ಸಂಶೋಧಕರ ಜೊತೆಗೂಡಿ ಪ್ರಕಟವಾಯಿತು. ಹೀಗೆ ಒಂದೇ ಊರಿಗೆ ಮತ್ತೆ ಹೋಗಿ ನೋಡುವ ಪದ್ಧತಿ ಈಗ ಮಾನವಶಾಸ್ತ್ರದಲ್ಲಿ ಮತ್ತೆ ಚುರುಕಾಗಿದೆ. 1950ರ ದಶಕದಲ್ಲಿ ಒಡಿಶಾ, ಮಧ್ಯಪ್ರದೇಶ, ಗುಜರಾತಿನ ಮೂರು ಹಳ್ಳಿಗಳನ್ನು ಬೈಲಿ, ಮೇಯರ್, ಪೋಕಾಕ್ ಎಂಬ ಮೂವರು ಅಭ್ಯಾಸ ಮಾಡಿದ್ದರು. ಲಂಡನ್ನಿನ ಎಡ್ವರ್ಡ್ ಸಿಂಪ್ಸನ್ ಮತ್ತು ಸಂಗಡಿಗರು ಅರ್ಧ ಶತಮಾನದ ನಂತರ ಅದೇ ಹಳ್ಳಿಗಳಿಗೆ ಹೋಗಿ ಹೊಸದಾಗಿ ನೋಡಿದ್ದಾರೆ. ಊರು ಎಂಬುದು ಒಂದೇ ಸಲ ತೆಗೆದಿಡುವ ಫೋಟೋ ಅಲ್ಲ ಎಂಬ ತಿಳಿವಳಿಕೆ ಇದರ ಹಿಂದಿದೆ.

ದಲೇನದ ಕತೆ ನಮ್ಮ ಪಾಲಿಗೆ ಇನ್ನೂ ಒಂದು ಮಾತು ಹೇಳುತ್ತದೆ. ಊರು ಬಿಟ್ಟು ಹೊರಗೆ ಹೋದವರೂ ಊರನ್ನು ಬದಲಾಯಿಸುತ್ತಾರೆ. ನಾವು ಕಳಿಸಿದ ಹಣದಿಂದ ಎದ್ದ ತಾರಸಿ ಮನೆಯನ್ನು ನೋಡಿ, ‘ಅಯ್ಯೋ, ಹೆಂಚಿನ ಮನೆ ಎಷ್ಟು ಚೆಂದ ಇತ್ತು’ ಎಂದು ನಾವೇ ಮರುಗುತ್ತೇವೆ.

ಯಾವ ಬೀದಿಯ ಊರು?

ಎರಡನೆಯ ಪ್ರಶ್ನೆ ಇನ್ನೂ ಸೂಕ್ಷ್ಮವಾದದ್ದು. ಶ್ರೀನಿವಾಸರು ಪಟೇಲರ ಆಶ್ರಯದಲ್ಲಿದ್ದರು, ಊರಿನ ಮುಖಂಡರ ಜೊತೆ ಒಡನಾಡಿದರು. ದಲಿತರ ಕೇರಿಯಲ್ಲೋ ಮುಸಲ್ಮಾನರ ಬೀದಿಯಲ್ಲೋ ಹೆಚ್ಚು ಕಾಲ ಕಳೆದಿದ್ದರೆ ತಮಗೆ ಬೇರೆ ರಾಮಪುರ ಕಾಣುತ್ತಿತ್ತು ಎಂಬುದನ್ನು ಅವರೇ ಪುಸ್ತಕದಲ್ಲಿ ಒಪ್ಪಿಕೊಂಡಿದ್ದಾರೆ. ಹೆಂಗಸರೊಡನೆ ಗಂಡಸೊಬ್ಬ ಸಲೀಸಾಗಿ ಮಾತಾಡಲು ಆಗದ ಕಾಲ ಅದು. ಮುಂದೆ ವಿಮರ್ಶಕರೂ ಇದನ್ನು ಎತ್ತಿ ಹೇಳಿದರು. ಜೋನ್ ಮೆಂಚರ್ 1974ರಷ್ಟು ಹಿಂದೆಯೇ ಜಾತಿ ವ್ಯವಸ್ಥೆಯನ್ನು ಮೇಲಿನಿಂದ ನೋಡುವುದಕ್ಕೂ ಕೆಳಗಿನಿಂದ ನೋಡುವುದಕ್ಕೂ ಎಷ್ಟು ಅಂತರವಿದೆ ಎಂದು ತೋರಿಸಿದ್ದರು. ಮೇಲಿನವರಿಗೆ ಅನ್ಯೋನ್ಯ ಅವಲಂಬನೆಯಾಗಿ ಕಾಣುವುದು ಕೆಳಗಿನವರ ಅನುಭವದಲ್ಲಿ ಬಿಟ್ಟಿ ದುಡಿಮೆ.

ಕನ್ನಡದಲ್ಲಿ ಈ ಅಂತರ ಮಾತಿನೊಳಗೇ ಇದೆ. ‘ಊರು ಕೇರಿ’ ಎಂದು ಜೋಡಿಸಿ ಹೇಳುತ್ತೇವೆ, ಆದರೆ ಎಷ್ಟೋ ಹಳ್ಳಿಗಳಲ್ಲಿ ಊರು ಮುಗಿದ ಮೇಲೆ ಕೇರಿ ಶುರುವಾಗುತ್ತಿತ್ತು. ಕವಿ ಸಿದ್ಧಲಿಂಗಯ್ಯನವರು ತಮ್ಮ ಆತ್ಮಕಥೆಗೆ ‘ಊರುಕೇರಿ’ ಎಂದೇ ಹೆಸರಿಟ್ಟರು. ‘ದಿ ರಿಮೆಂಬರ್ಡ್ ವಿಲೇಜ್’ ಓದಿದವರು ಅದನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕು. ಒಂದರಲ್ಲಿ ವಿದ್ವಾಂಸನ ಕಣ್ಣು, ಇನ್ನೊಂದರಲ್ಲಿ ಅಲ್ಲೇ ಬೆಳೆದವನ ಕಣ್ಣು. ಎರಡೂ ನೆನಪಿನ ಪುಸ್ತಕಗಳೇ.

ನನ್ನ ತಾಯಿ ಹಿಂದೊಮ್ಮೆ ಆರು ತಿಂಗಳಿಗೆಂದು ಇಲ್ಲಿಗೆ ಬಂದಿದ್ದಾಗ, ಮಗಳ ಶಾಲೆಯ ಕೆಲಸಕ್ಕೆಂದು ನಮ್ಮೂರಿನ ನಕ್ಷೆ ಬರೆಯಬೇಕಾಯಿತು. ನಾನೊಂದು ಹಾಳೆಯಲ್ಲಿ ಬರೆದೆ, ಅವರೊಂದು ಹಾಳೆಯಲ್ಲಿ ಬರೆದರು. ನನ್ನದರಲ್ಲಿ ಬಸ್ ನಿಲ್ಲುವ ಜಾಗ, ಶಾಲೆ, ಅರಳಿಕಟ್ಟೆ, ಕೆರೆ ಏರಿ, ಕಬಡ್ಡಿ ಆಡುವ ಬಯಲು. ಅಮ್ಮನ ಹಾಳೆಯಲ್ಲಿ ಸಿಹಿನೀರಿನ ಬಾವಿ, ಹಿತ್ತಲಿನಿಂದ ಹಿತ್ತಲಿಗೆ ಹೋಗುವ ಕಾಲುದಾರಿ, ಹೆಪ್ಪಿಗೆ ಮಜ್ಜಿಗೆ ಸಿಗುವ ಮನೆ, ಹೆರಿಗೆ ಮಾಡಿಸುವ ಅಜ್ಜಿಯ ಮನೆ. ಅರಳಿಕಟ್ಟೆ ಎಲ್ಲಮ್ಮ ಎಂದು ಕೇಳಿದೆ. ‘ಅಲ್ಲಿ ನಾವ್ಯಾವತ್ತು ಕೂತಿದ್ವಪ್ಪಾ?’ ಎಂದರು. ಎರಡೂ ಹಾಳೆಗಳಲ್ಲಿ ಊರಾಚೆಯ ಕೇರಿ ಒಂದು ಗೆರೆಯಷ್ಟೇ. ಅದರ ಓಣಿಗಳನ್ನು, ಬಾವಿಯನ್ನು, ಗುಡಿಯನ್ನು ಬಿಡಿಸಬಲ್ಲವರು ಅಲ್ಲಿ ಬೆಳೆದವರು. ನಮ್ಮ ಕೂಟದಲ್ಲಿ ಅಂಥವರೂ ಇದ್ದಾರೆ, ಆದರೆ ಊರಿನ ಸೊಗಸನ್ನು ಹೊಗಳುವ ನಮ್ಮ ವೇದಿಕೆಗಳಲ್ಲಿ ಅವರ ನಕ್ಷೆಗೆ ಸಿಗುವ ಜಾಗ ಕಡಿಮೆ.

ಇದು ಹಳೆಯ ಗಾಯ ಕೆದಕುವ ಮಾತಲ್ಲ. ಇಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾಗಿ ಕಾಲೇಜಿನಲ್ಲಿ ಭಾರತದ ಸಮಾಜದ ಬಗ್ಗೆ ಓದುತ್ತಾರೆ. ಆಗ ಅಪ್ಪ ಅಮ್ಮ ಹೇಳಿದ ಊರಿಗೂ ಪುಸ್ತಕದ ಊರಿಗೂ ತಾಳೆಯಾಗದಿದ್ದರೆ ಅವರು ಎರಡರಲ್ಲೊಂದನ್ನು ಸುಳ್ಳೆಂದು ತಳ್ಳಿಬಿಡುತ್ತಾರೆ. ಬಹುಪಾಲು ತಳ್ಳುವುದು ನಮ್ಮ ಮಾತನ್ನೇ. ಇದು ನಾನು ಕಂಡ ಬೀದಿ, ಇಷ್ಟು ನನಗೆ ಕಂಡಿತು, ಅದರಾಚೆಗೂ ಊರಿತ್ತು ಎಂದು ಮೊದಲೇ ಹೇಳಿದ್ದರೆ ನಮ್ಮ ನೆನಪಿಗೂ ಅವರ ಓದಿಗೂ ಜಗಳವಿರುವುದಿಲ್ಲ.

ನಾವು ಮಾಡಬಹುದಾದದ್ದು

ಶ್ರೀನಿವಾಸರು 1999ರ ನವೆಂಬರ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಅವರಷ್ಟು ಓದು, ತರಬೇತಿ ನಮಗಿಲ್ಲ. ಆದರೆ ಅವರಿಗಿಲ್ಲದ ಒಂದು ಅನುಕೂಲ ನಮಗಿದೆ. ಪ್ರತಿ ಬೇಸಿಗೆಯಲ್ಲೂ ನಮ್ಮ ಮನೆಗಳಿಗೆ ತಂದೆ ತಾಯಿ, ಅತ್ತೆ ಮಾವ ಬರುತ್ತಾರೆ. ಬೇರೆ ಬೇರೆ ಜಿಲ್ಲೆಯವರು, ಬೇರೆ ಬೇರೆ ಬೀದಿಯವರು ಪಾರ್ಕಿನ ಒಂದೇ ಬೆಂಚಿನ ಮೇಲೆ ಕುಳಿತು ಸಂಜೆ ಕಳೆಯುತ್ತಾರೆ. ಊರಿನಲ್ಲಿ ಒಂದೇ ಜಗಲಿಯ ಮೇಲೆ ಎಂದೂ ಕೂರದಿದ್ದವರು ಇಲ್ಲಿ ಒಟ್ಟಿಗೆ ಕೂರುತ್ತಾರೆ. ಎಲ್ಲರ ಜೇಬಿನಲ್ಲೂ ಧ್ವನಿಮುದ್ರಿಸುವ ಫೋನಿದೆ.

ಅವರನ್ನು ಕೇಳಿ, ಬರೆದಿಡಿ. ಹಬ್ಬ, ಅಡುಗೆ ಮಾತ್ರವಲ್ಲ, ಗದ್ದೆಯಲ್ಲಿ ಯಾರು ದುಡಿದರು, ಕೂಲಿ ಏನಿತ್ತು, ಬಾವಿಗೆ ಯಾರು ಬರುತ್ತಿದ್ದರು, ಯಾರು ಬರುವಂತಿರಲಿಲ್ಲ, ಊರಿಗೆ ಕರೆಂಟು ಬಂದದ್ದು ಯಾವಾಗ, ಮೊದಲು ಶಾಲೆಗೆ ಹೋದ ಹುಡುಗಿ ಯಾರು ಎಂಬುದನ್ನೂ ಕೇಳಿ. ಪ್ರತಿ ಉತ್ತರದ ಪಕ್ಕದಲ್ಲಿ ಇಸವಿಯನ್ನೂ ಬೀದಿಯ ಹೆಸರನ್ನೂ ಗುರುತು ಹಾಕಿಕೊಳ್ಳಿ. ‘ಮಾಡ್ತಾರೆ’ ಎಂದು ಅವರು ಹೇಳಿದರೆ ‘ಈಗಲೂ ಮಾಡ್ತಾರಾ, ಮಾಡ್ತಿದ್ರಾ?’ ಎಂದು ಮೆಲ್ಲಗೆ ಕೇಳಿ. ಆ ಒಂದು ಪ್ರಶ್ನೆಯಿಂದ ಎಷ್ಟೋ ಕತೆಗಳು ಹೊರಬರುತ್ತವೆ, ಪ್ರಯತ್ನಿಸಿ ನೋಡಿ.

ಮುಂದಿನ ವರ್ಷದ ಸಂಚಿಕೆಗೆ ಅಂಥ ಹತ್ತು ನಕ್ಷೆಗಳು ಬಂದರೆ, ಒಂದೇ ತಾಲ್ಲೂಕಿನ ಬೇರೆ ಬೇರೆ ಬೀದಿಗಳವು, ಬೇರೆ ಬೇರೆ ದಶಕಗಳವು, ನಮ್ಮ ಮಕ್ಕಳಿಗೆ ಕೊಡಲು ಒಂದು ನಿಜವಾದ ಊರು ಸಿಕ್ಕಂತಾಗುತ್ತದೆ. ಮತ್ತು ದಯವಿಟ್ಟು, ಮೂರೂ ಪ್ರತಿಗಳನ್ನು ಒಂದೇ ಕಡೆ ಇಡಬೇಡಿ.